ರೇಡಿಯೇಟರ್ ತುಂಬಿದ್ದರೂ ಎಂಜಿನ್ ಬಿಸಿಯೇರುವುದೇಕೆ? ಹಳೆಯ ಎಂಜಿಬಿಯಿಂದ ಗಾಳಿ ತೆಗೆಯುವ ಬಗೆ

ಪ್ರಶ್ನೆ: ತಂದೆಯವರು ಇಟ್ಟುಕೊಂಡಿದ್ದ 1967ರ ಎಂಜಿಬಿ ಟೂರರ್ ಎಂಬ ಬ್ರಿಟಿಷ್ ಕಾರನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಮಳೆಗಾಲದಲ್ಲಿ ರೇಡಿಯೇಟರ್ ಸೋರತೊಡಗಿದ್ದರಿಂದ ಅದನ್ನು ಬಿಚ್ಚಿಸಿ ಹೊಸ ಕೋರ್ ಹಾಕಿಸಿದೆ. ಅಲ್ಲಿಂದೀಚೆಗೆ ನಂತೂರು ವೃತ್ತದ ವಾಹನಗಳ ಸಾಲಿನಲ್ಲಿ ಸ್ವಲ್ಪ ನಿಂತರೂ ಉಷ್ಣತೆಯ ಮುಳ್ಳು ಮೇಲೇರುತ್ತದೆ, ಕೆಲವೊಮ್ಮೆ ಕಾರಣವಿಲ್ಲದೆ ಥಟ್ಟನೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳುತ್ತದೆ. ಹೆಬ್ರಿಯಿಂದ ಆಗುಂಬೆ ಘಾಟಿ ಹತ್ತುವಾಗ ಕಾರು ನೀರನ್ನು ಹೊರಗೆ ಉಗುಳಿತು. ಗ್ಯಾರೇಜಿನವರು ಗಾಳಿ ಕಟ್ಟಿದೆ, ಥರ್ಮೋಸ್ಟಾಟ್ ತೆಗೆದುಹಾಕೋಣ ಎನ್ನುತ್ತಾರೆ. ಗಾಳಿ ಬಿಡುವ ಸ್ಕ್ರೂ ಈ ಎಂಜಿನ್ನಿನಲ್ಲಿ ಎಲ್ಲಿಯೂ ಕಾಣಿಸುತ್ತಿಲ್ಲ. ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ? ನಮ್ಮ ಬಾವಿಯ ನೀರು ಸಾಕಾಗುತ್ತದೆಯೇ?
(ಓದುಗರು, ಕದ್ರಿ, ಮಂಗಳೂರು)

ಉತ್ತರ: ಮನೆಯಲ್ಲೇ ಖಂಡಿತ ಮಾಡಬಹುದು. ಆತುರಪಡದೆ ಒಂದು ಬೆಳಗನ್ನು ಇದಕ್ಕಾಗಿ ಮೀಸಲಿಡಬೇಕು, ಅಷ್ಟೆ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವಾದ ಥರ್ಮೋಸ್ಟಾಟನ್ನು ತೆಗೆಯಬೇಡಿ; ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಕೆಲಸಕ್ಕೆ ಕೈಹಾಕುವ ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನೀರು ತುಂಬಿಸುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಬೇರೆ, ಎಂಜಿನ್ ಓಡುತ್ತಿರುವಾಗ ಹೊಸದಾಗಿ ಸೇರುತ್ತಿರುವ ಗಾಳಿ ಬೇರೆ. ಮೊದಲನೆಯದನ್ನು ಸರಿಯಾಗಿ ಒಮ್ಮೆ ಹೊರಹಾಕಿದರೆ ಮುಂದಿನ ಸಲ ನೀರು ಬಸಿಯುವವರೆಗೆ ಅದರ ಸುದ್ದಿ ಇರುವುದಿಲ್ಲ. ಎರಡನೆಯದನ್ನು ಎಷ್ಟು ಸಲ ಹೊರಹಾಕಿದರೂ ಮರುದಿನ ಮತ್ತೆ ಬಂದಿರುತ್ತದೆ, ಏಕೆಂದರೆ ಅದು ಬರುವ ದಾರಿ ತೆರೆದೇ ಇರುತ್ತದೆ. ನಿಮ್ಮ ವಿವರಣೆಯನ್ನು ಓದಿದರೆ ಮೊದಲನೆಯದೇ ಇರಬಹುದೆಂದು ನನಗನ್ನಿಸುತ್ತದೆ, ಏಕೆಂದರೆ ತೊಂದರೆ ಶುರುವಾದದ್ದು ರೇಡಿಯೇಟರ್ ಬಿಚ್ಚಿ ನೀರು ಮರುತುಂಬಿಸಿದ ಮೇಲೆ.

ಅಡಿಕೆ ತೋಟವಿರುವ ಮನೆಗಳಲ್ಲಿ ಬೆಳೆದವರಿಗೆ ಈ ವಿಷಯ ಹೊಸದಲ್ಲ. ಬಾವಿಯ ಪಂಪು ಗಾಳಿ ಹಿಡಿದಾಗ ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಗುಡ್ಡೆಯ ಮೇಲಿಂದ ಹಾಯಿಸಿದ ಪೈಪು ನಡುವೆ ಒಂದು ಕಡೆ ಉಬ್ಬಿ ಏರಿ ಇಳಿದಿದ್ದರೆ ಆ ಏರಿನಲ್ಲಿ ಗಾಳಿ ಕೂತು ನೀರಿನ ಹರಿವನ್ನೇ ತಡೆಯುತ್ತದೆ. ನಿಮ್ಮ ಎಂಜಿನ್ನಿನ ವಾಟರ್ ಪಂಪ್ ಕೂಡ ತೋಟದ ಪಂಪಿನ ಜಾತಿಯದೇ. ನೀರನ್ನು ಎಸೆದು ದೂಡುವ ಅದರ ರೆಕ್ಕೆಗಳಿಗೆ ಗಾಳಿಯನ್ನು ದೂಡುವ ಶಕ್ತಿಯಿಲ್ಲ. ಜೊತೆಗೆ ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಹೀರಿಕೊಳ್ಳುವ ಶಾಖವು ಅಷ್ಟೇ ಗಾತ್ರದ ಗಾಳಿ ಹೀರುವ ಶಾಖದ 3,000 ಪಟ್ಟಿಗಿಂತಲೂ ಹೆಚ್ಚು. ಹಾಗಾಗಿ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಸಿಲಿಂಡರ್ ಹೆಡ್ಡಿನಲ್ಲಿ ಅಂಗೈಯಷ್ಟು ಜಾಗದಲ್ಲಿ ಗಾಳಿ ನಿಂತರೂ ಆ ಜಾಗದ ಲೋಹ ತಂಪಾಗುವುದೇ ಇಲ್ಲ. ಎಂಜಿಬಿಯ 1798 ಸಿಸಿ ಎಂಜಿನ್ನಿನಲ್ಲಿ ನಡುವಿನ ಎರಡು ಸಿಲಿಂಡರುಗಳ ಹೊಗೆ ಒಂದೇ ದ್ವಾರದಿಂದ ಹೊರಬೀಳುತ್ತದೆ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವಿನ ಆ ಭಾಗವೇ ಹೆಡ್ಡಿನಲ್ಲಿ ಅತಿ ಬಿಸಿಯಾದದ್ದು. ಅಲ್ಲಿ ನೀರು ಮುಟ್ಟದೆ ಹೋದರೆ ಆವಿಯ ಗುಳ್ಳೆಗಳೆದ್ದು, ಆ ಆವಿಯೇ ಇನ್ನಷ್ಟು ನೀರನ್ನು ದೂರ ತಳ್ಳುತ್ತದೆ, ಕೊನೆಗೆ ಹೆಡ್ಡಿಗೂ ಸಿಲಿಂಡರುಗಳಿರುವ ಬ್ಲಾಕಿಗೂ ನಡುವೆ ಕೂತ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಸುಟ್ಟುಹೋಗುತ್ತದೆ.

ಮುಳ್ಳು ಥಟ್ಟನೆ ಇಳಿದಾಗ ಸಮಾಧಾನಪಡಬೇಡಿ. ಉಷ್ಣತೆಯನ್ನು ಅಳೆಯುವ ಬಲ್ಬು ನೀರಿನಲ್ಲಿ ಮುಳುಗಿರುವಷ್ಟು ಹೊತ್ತು ಮಾತ್ರ ಮೀಟರ್ ನಿಜ ಹೇಳುತ್ತದೆ. ಅದರ ಸುತ್ತ ಗಾಳಿಯೋ ಆವಿಯೋ ನಿಂತರೆ ಹೆಡ್ಡು ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಹೀಗೆ ಏರಿಳಿಯುವ ಮುಳ್ಳನ್ನು ಕಂಡ ತಕ್ಷಣ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸುವುದೇ ಸರಿ.

ಈಗ ಗಾಳಿ ಎಲ್ಲಿ ಕೂತಿರುತ್ತದೆ ಎಂಬುದನ್ನು ನೋಡೋಣ. ನಿಮ್ಮ ಕಾರಿನಲ್ಲಿ ಬ್ಲೀಡ್ ಸ್ಕ್ರೂ ಕಾಣದಿರುವುದಕ್ಕೆ ಕಾರಣ ಸರಳ: ರೇಡಿಯೇಟರಿನ ಮೇಲಿನ ತೊಟ್ಟಿಯ ಬಾಯಿಯೇ ಗಾಳಿ ಹೊರಬರುವ ದಾರಿ ಎಂದು ಭಾವಿಸಿ ಅದನ್ನು ಕಟ್ಟಿದ್ದಾರೆ. ಆದರೆ ಹಿಂದೆ, ಎಂಜಿನ್ ಕೋಣೆಯ ಗೋಡೆಗೆ ಎತ್ತರದಲ್ಲಿ ಹೀಟರ್ ಪೆಟ್ಟಿಗೆ ಇದೆ. ಹೆಡ್ಡಿನ ಹಿಂಭಾಗದ ಹೀಟರ್ ವಾಲ್ವಿನಿಂದ ಹೊರಟ ನೀರು ಆ ಪೆಟ್ಟಿಗೆಯೊಳಗಿನ ಪುಟ್ಟ ರೇಡಿಯೇಟರನ್ನು ಸುತ್ತಿ, ಎಂಜಿನ್ನಿನ ಮೇಲೆ ಹಾದುಹೋಗುವ ಲೋಹದ ಕೊಳವೆಯ ಮೂಲಕ ಪಂಪಿನ ಹೀರುವ ಬದಿಗೆ ಮರಳುತ್ತದೆ. ನೀರು ತುಂಬಿಸುವಾಗ ಈ ಸುತ್ತಿನಲ್ಲಿರುವ ಗಾಳಿಗೆ ಮುಂದಿನ ಬಾಯಿಯವರೆಗೆ ಬರುವ ದಾರಿಯೇ ಇರುವುದಿಲ್ಲ. ನೀವು ಕೇಳಿದ ಗುಳುಗುಳು ಸದ್ದು ಅಲ್ಲಿಯದೇ. ಕರಾವಳಿಯಲ್ಲಿ ಹೀಟರನ್ನು ಯಾರೂ ಹಾಕುವುದಿಲ್ಲವಾದ್ದರಿಂದ ಅದರ ವಾಲ್ವು ವರ್ಷಗಟ್ಟಲೆ ಮುಚ್ಚಿಯೇ ಇದ್ದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕಾರಿನೊಳಗಿನ ಹೀಟರ್ ಗುಬುಟವನ್ನು ತಿರುಗಿಸಿದಾಗ ಬಾನೆಟ್ಟಿನ ಕೆಳಗೆ ವಾಲ್ವಿನ ಸನ್ನೆ ನಿಜವಾಗಿ ಅಲುಗುತ್ತದೆಯೇ ಎಂದು ಮೊದಲು ಕಣ್ಣಾರೆ ನೋಡಿ. ಅಲುಗದಿದ್ದರೆ ಅದನ್ನು ಸರಿಪಡಿಸುವವರೆಗೆ ಮುಂದಿನ ಕೆಲಸ ವ್ಯರ್ಥ.

ಇನ್ನೊಂದು ಗಾಳಿಯೂ ಇದೆ, ಅದು ಇರಲೇಬೇಕಾದದ್ದು. ನಿಮ್ಮ ಕಾರಿನ ರೇಡಿಯೇಟರಿಗೆ ಪ್ರತ್ಯೇಕ ತೊಟ್ಟಿ ಜೋಡಿಸಿರದಿದ್ದರೆ, ಬಿಸಿಯಾಗಿ ಹಿಗ್ಗುವ ನೀರಿಗೆಂದು ಮೇಲಿನ ತೊಟ್ಟಿಯಲ್ಲಿ ಬಾಯಿಯಿಂದ ಸುಮಾರು 25 ಮಿಲಿಮೀಟರ್ ಕೆಳಗಿನವರೆಗೆ ಖಾಲಿ ಜಾಗ ಬೇಕು. ಹಲವರು ಪ್ರೀತಿಯಿಂದ ಬಾಯಿಯವರೆಗೆ ತುಂಬಿಸುತ್ತಾರೆ, ಕಾರು ಹೆಚ್ಚಾದದ್ದನ್ನು ಸಣ್ಣ ಕೊಳವೆಯಿಂದ ಹೊರಚೆಲ್ಲುತ್ತದೆ, ಅವರು ಗಾಬರಿಯಾಗಿ ಮತ್ತೆ ತುಂಬಿಸುತ್ತಾರೆ. ಆಗುಂಬೆಯಲ್ಲಿ ನೀವು ಕಂಡದ್ದರಲ್ಲಿ ಒಂದು ಪಾಲು ಇದೂ ಇರಬಹುದು. ಪ್ರತಿದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಒಂದೇ ಜಾಗದಲ್ಲಿ ನಿಂತಿದ್ದರೆ ಅದು ಕಾರು ತಾನೇ ಕಂಡುಕೊಂಡ ಮಟ್ಟ, ಅದನ್ನು ಮುಟ್ಟಬೇಡಿ.

ಬಾವಿಯ ನೀರಿನ ಬಗ್ಗೆ ಕೇಳಿದ್ದೀರಿ. ನಮ್ಮ ಮುರಕಲ್ಲಿನ ನೆಲದ ನೀರು ಕುಡಿಯಲು ಮೃದುವಾಗಿದ್ದರೂ ತುಸು ಆಮ್ಲೀಯವಾಗಿರುತ್ತದೆ, ಸಮುದ್ರಕ್ಕೋ ಅಳಿವೆಗೋ ಹತ್ತಿರದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪಿನಂಶವೂ ಸೇರುತ್ತದೆ. ಎರಕದ ಕಬ್ಬಿಣದ ಬ್ಲಾಕ್, ಹಿತ್ತಾಳೆ ತಾಮ್ರದ ರೇಡಿಯೇಟರ್, ಸೀಸದ ಬೆಸುಗೆ ಇವೆಲ್ಲ ಒಂದೇ ನೀರಿನಲ್ಲಿ ನಿಂತಿರುವಾಗ ಅಂಥ ನೀರು ಲೋಹವನ್ನು ತಿನ್ನುತ್ತದೆ. ಹೊಸ ಕೋರ್ ಹಾಕಿಸಿದ ನೀವು ಅದಕ್ಕೆ ಲವಣ ತೆಗೆದ ನೀರನ್ನೇ ಕೊಡಿ. ಬ್ಯಾಟರಿ ನೀರೆಂದು ಅಂಗಡಿಯಲ್ಲಿ ಸಿಗುವುದು ಅದೇ; ಆಸಿಡ್ ಬೆರೆಸಿದ ಕ್ಯಾನು ಅಲ್ಲವೆಂದು ಚೀಟಿ ಓದಿ ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲದಿರುವುದರಿಂದ ಅರ್ಧಕ್ಕರ್ಧ ಕೂಲೆಂಟ್ ಬೇಕಿಲ್ಲ. ಮೂರರಲ್ಲಿ ಒಂದು ಪಾಲು ಕೂಲೆಂಟ್, ಎರಡು ಪಾಲು ನೀರು ಸಾಕು. ಶಾಖ ಹೊರುವುದರಲ್ಲಿ ಕೂಲೆಂಟಿನಲ್ಲಿರುವ ಗ್ಲೈಕಾಲಿಗಿಂತ ನೀರೇ ಮೇಲು, ಕೂಲೆಂಟ್ ಬೇಕಾಗಿರುವುದು ತುಕ್ಕು ತಡೆಯಲು. ಹಿತ್ತಾಳೆ ರೇಡಿಯೇಟರಿಗೆ ಹಳೆಯ ಬಗೆಯ, ಸಿಲಿಕೇಟ್ ಇರುವ ಕೂಲೆಂಟನ್ನೇ ನಾನು ಹಾಕುತ್ತೇನೆ ಮತ್ತು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಬಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ವಿಷ, ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ನಮ್ಮ ಮನೆಗಳಲ್ಲಿ ಬಾವಿಯೂ ಅದೇ ಅಂಗಳದಲ್ಲಿರುತ್ತದೆ.

ಇನ್ನು ಕೆಲಸದ ಕ್ರಮ. ಕಾರು ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಬೇಕು. ಬಿಸಿ ಎಂಜಿನ್ನಿನ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು ನೀರೆಲ್ಲ ಕುದಿದು ಮುಖಕ್ಕೆ ಹಾರುತ್ತದೆ. ಬಿಸಿ ಕಬ್ಬಿಣದ ಹೆಡ್ಡಿಗೆ ತಣ್ಣೀರು ಸುರಿದರೆ ಅದು ಬಿರಿಯಬಹುದು. ಕಾರಿನ ಮುಂಭಾಗವನ್ನು ಒಂದಡಿಯಷ್ಟು ಎತ್ತರಿಸಿ, ಆಗ ರೇಡಿಯೇಟರಿನ ಬಾಯಿ ಹೀಟರಿಗಿಂತ ಮೇಲೆ ಬರುತ್ತದೆ. ಮಂಗಳೂರಿನಲ್ಲಿ ಏರು ಅಂಗಳಕ್ಕೆ ಬರಗಾಲವಿಲ್ಲ. ಮನೆಯ ಗೇಟಿನ ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದರೂ ಆಗುತ್ತದೆ. ಕೈ ಬ್ರೇಕು ಹಾಕಿ, ಹಿಂಬದಿ ಗಾಲಿಗಳಿಗೆ ಮರದ ದಿಮ್ಮಿ ಕೊಡಿ. ಜ್ಯಾಕಿನಿಂದ ಎತ್ತುವುದಾದರೆ ಕಬ್ಬಿಣದ ಸ್ಟ್ಯಾಂಡನ್ನೇ ಬಳಸಿ. ಕಾರಿನ ಭಾರವನ್ನು ಮುರಕಲ್ಲಿನ ಮೇಲೆ ಎಂದಿಗೂ ನಿಲ್ಲಿಸಬೇಡಿ, ಅದು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ.

ಹಳೆಯ ನೀರನ್ನು ಬಸಿಯುವಾಗ ಅಳತೆಯ ಪಾತ್ರೆಗೆ ಬಸಿಯಿರಿ. ಬ್ಲಾಕಿನ ಬಸಿಗಿಂಡಿಯನ್ನು ತೆರೆದರೂ ನೀರು ಬಾರದಿದ್ದರೆ ಬ್ಲಾಕು ಖಾಲಿಯಾಗಿದೆ ಎಂದು ತಿಳಿಯಬೇಡಿ. ಐವತ್ತು ವರ್ಷಗಳ ಕೆಸರು ಅಲ್ಲಿ ಕೂತಿರುತ್ತದೆ, ತಂತಿಯಿಂದ ಚುಚ್ಚಿ ಬಿಡಿಸಬೇಕು. ಈ ಕಾರಿನ ಒಟ್ಟು ಅಳತೆ ಹೀಟರ್ ಸೇರಿ ಸುಮಾರು ಐದೂವರೆ ಲೀಟರ್. ಪೂರ್ತಿ ಬಸಿದ ಕಾರಿಗೆ ನಾಲ್ಕೇ ಲೀಟರ್ ಹಿಡಿಸಿ ಬಾಯಿ ತುಂಬಿಬಂದರೆ ಉಳಿದ ಜಾಗದಲ್ಲಿ ಗಾಳಿಯೇ ಇದೆ ಎಂದರ್ಥ. ಈ ಲೆಕ್ಕಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಹೀಟರ್ ವಾಲ್ವನ್ನು ಪೂರ್ತಿ ತೆರೆದು, ರೇಡಿಯೇಟರಿನ ಬಾಯಿಗೆ ಸಣ್ಣ ಧಾರೆಯಾಗಿ ನೀರು ಸುರಿಯಿರಿ. ದೊಡ್ಡ ಧಾರೆಯಾದರೆ ನೀರು ಇಳಿಯುವ ದಾರಿಯಲ್ಲೇ ಗಾಳಿ ಏರಬೇಕಾಗಿ ಎರಡೂ ಒಂದನ್ನೊಂದು ತಡೆಯುತ್ತವೆ. ತುಂಬಿದ ಮೇಲೆ ಹತ್ತು ನಿಮಿಷ ಬಿಡಿ. ಥರ್ಮೋಸ್ಟಾಟ್ ಮುಚ್ಚಿರುವಾಗ ಹೆಡ್ಡಿನ ಗಾಳಿ ಹೊರಬರುವುದು ಅದರ ತಟ್ಟೆಯಲ್ಲಿರುವ ಸಣ್ಣ ರಂಧ್ರದಿಂದ ಮಾತ್ರ. ಅದರಲ್ಲಿ ಅಲುಗಾಡುವ ಒಂದು ಪುಟ್ಟ ಪಿನ್ ಇರುತ್ತದೆ. ಅಗ್ಗದ ಕೆಲವು ಥರ್ಮೋಸ್ಟಾಟುಗಳಲ್ಲಿ ಆ ರಂಧ್ರವೇ ಇರುವುದಿಲ್ಲ. ನಿಮ್ಮದು ಅಂಥದಾದರೆ ತಟ್ಟೆಯ ಅಂಚಿನಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆಸಿ. ಕಾಯುತ್ತಿರುವಾಗ ಮೇಲಿನ ಮತ್ತು ಕೆಳಗಿನ ರಬ್ಬರ್ ಹೋಸುಗಳನ್ನು, ಹಾಲು ಕರೆಯುವಾಗಿನ ನಿಧಾನದಲ್ಲಿ, ಹಿಂಡಿ ಬಿಡಿ. ಬಾಯಿಯಲ್ಲಿ ಗುಳ್ಳೆಗಳು ಬರುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ.

ಆಮೇಲೆ ಬರುವುದು ಗ್ಯಾರೇಜುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹಂತ. ನಿಮ್ಮ ಕಾರಿಗೆ ಇದೇ ಮುಖ್ಯವೆಂದು ನನ್ನ ನಂಬಿಕೆ. ಹೀಟರಿನಿಂದ ನೀರು ಮರಳುವ ಹೋಸನ್ನು ಲೋಹದ ಕೊಳವೆಯಿಂದ ಬಿಡಿಸಿ. ಹಳೆಯ ಹೋಸು ಅಂಟಿಕೊಂಡಿದ್ದರೆ ಎಳೆದಾಡಬೇಡಿ, ಹೀಟರಿನ ತೆಳು ಹಿತ್ತಾಳೆಯ ಮೂತಿ ಮುರಿದರೆ ಇಡೀ ಪೆಟ್ಟಿಗೆಯನ್ನೇ ಕಳಚಬೇಕಾಗುತ್ತದೆ. ಹೋಸನ್ನೇ ಸೀಳಿ ತೆಗೆದು ಹೊಸದು ಹಾಕಿ. ಬಿಡಿಸಿದ ಹೋಸನ್ನು ಎತ್ತರಕ್ಕೆ ಹಿಡಿದು, ಸಣ್ಣ ಆಲಿಕೆಯಿಂದ ಅದರೊಳಗೆ ನೀರು ಸುರಿಯಿರಿ. ನೀರು ಹೀಟರಿನ ಮೂಲಕ ಹಿಮ್ಮುಖವಾಗಿ ಹೆಡ್ಡಿಗೆ ಇಳಿಯುತ್ತದೆ. ನಡುನಡುವೆ ಗುಳುಕ್ಕೆಂದು ಗಾಳಿ ಎದ್ದುಬರುತ್ತದೆ, ಆಗ ನಿಲ್ಲಿಸಿ, ಮತ್ತೆ ಸುರಿಯಿರಿ. ಹೋಸು ತುಂಬಿ ನಿಂತ ಮೇಲೆ ಅದರ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ, ಲೋಹದ ಕೊಳವೆಯನ್ನೂ ತುಂಬಿಸಿ, ಎರಡನ್ನೂ ಬೇಗನೆ ಜೋಡಿಸಿ ಕ್ಲಿಪ್ ಬಿಗಿಯಿರಿ. ಕೆಲವು ಹನಿ ಚೆಲ್ಲುವುದರಿಂದ ನಷ್ಟವೇನಿಲ್ಲ.

ಈಗ ಮುಚ್ಚಳವನ್ನು ತೆರೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ. ಎದುರಿಗೆ ಫ್ಯಾನು ತಿರುಗುತ್ತಿರುತ್ತದೆ, ಪಂಚೆಯ ತುದಿಯಾಗಲಿ ಶಾಲಾಗಲಿ ಹತ್ತಿರ ಸುಳಿಯಬಾರದು, ಬಾಯಿಯ ಮೇಲೆ ಮುಖವನ್ನೂ ಬಗ್ಗಿಸಬಾರದು. ನಿಧಾನಗತಿಗಿಂತ ತುಸು ಹೆಚ್ಚು, ನಿಮಿಷಕ್ಕೆ ಸುಮಾರು 1,500 ಸುತ್ತಿನಲ್ಲಿ ಓಡಲಿ. 82 ಡಿಗ್ರಿಯ ಥರ್ಮೋಸ್ಟಾಟ್ ತೆರೆದ ಕ್ಷಣ ನಿಮಗೆ ತಿಳಿಯುತ್ತದೆ: ಮೇಲಿನ ಹೋಸು ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ, ಬಾಯಿಯಲ್ಲಿ ನೀರು ಕದಲುತ್ತದೆ, ಗುಳ್ಳೆಗಳೊಂದಿಗೆ ಮಟ್ಟ ಕುಸಿಯುತ್ತದೆ. ಆಗ ಉಗುರುಬೆಚ್ಚಗಿನ ಮಿಶ್ರಣವನ್ನು ನಿಧಾನವಾಗಿ ಸೇರಿಸಿ. ಹೀಟರಿನ ಎರಡೂ ಹೋಸುಗಳನ್ನು ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ಹೀಟರಿನಲ್ಲಿ ನೀರು ಸುತ್ತುತ್ತಿದೆ. ಒಂದು ಬಿಸಿ ಒಂದು ತಣ್ಣಗಿದ್ದರೆ ಅಲ್ಲಿ ಇನ್ನೂ ಗಾಳಿ ಅಥವಾ ಕೆಸರು ಇದೆ. ಗುಳ್ಳೆಗಳು ನಿಂತ ಮೇಲೆ ಮುಚ್ಚಳ ಹಾಕಿ. ಗುಳ್ಳೆ ನಿಲ್ಲುವ ಮೊದಲೇ ನೀರು ಕುದಿಯುವಂತೆ ಕಂಡರೆ ಎಂಜಿನ್ ಆರಿಸಿ ದೂರ ಸರಿದು, ತಣ್ಣಗಾದ ಮೇಲೆ ಮತ್ತೆ ಆರಂಭಿಸಿ.

ಕಾರನ್ನು ಸಮನೆಲಕ್ಕೆ ತಂದು ಹೆದ್ದಾರಿಯಲ್ಲಿ ಸುರತ್ಕಲ್‌ವರೆಗೆ ಹೋಗಿ ಬನ್ನಿ. ಘಾಟಿ ಈಗಲೇ ಬೇಡ. ಮರುದಿನ ಬೆಳಿಗ್ಗೆ ಮಟ್ಟ ನೋಡಿ. ಮೊದಲ ದಿನ ಒಂದಿಷ್ಟು ಇಳಿದಿರುತ್ತದೆ, ಎರಡನೆಯ ದಿನ ಅದಕ್ಕಿಂತ ಕಡಿಮೆ, ಮೂರನೆಯ ದಿನ ಇಳಿಯಲೇಬಾರದು.

ನಡುವೆ ಎಂಜಿನ್ ಇರುವ ಫಿಯಟ್ ಎಕ್ಸ್ 1/9ರಂಥ ಕಾರುಗಳಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಬೆನ್ನ ಹಿಂದೆ, ನಡುವೆ ನೆಲದಡಿಯ ಉದ್ದ ಕೊಳವೆಗಳು. ಅವುಗಳಿಗೆ ರೇಡಿಯೇಟರಿನ ಮೇಲ್ಭಾಗದಲ್ಲಿ ಬ್ಲೀಡ್ ಸ್ಕ್ರೂ ಕೊಟ್ಟಿರುತ್ತಾರೆ, ಹಿಂದಿನ ತೊಟ್ಟಿಯಿಂದ ತುಂಬಿಸುತ್ತಾ ಮುಂದಿನ ಸ್ಕ್ರೂವಿನಿಂದ ಗಾಳಿ ಬಿಡಬೇಕು. ಆ ಕ್ರಮವನ್ನು ಓದಿ ನಿಮ್ಮ ಕಾರಿಗೆ ಅನ್ವಯಿಸಲು ಹೋಗಬೇಡಿ.

ಮುಚ್ಚಳವನ್ನೂ ಪರೀಕ್ಷಿಸಿ. ಆ ಕಾಲದ ಎಂಜಿಬಿಗೆ ಚದರ ಇಂಚಿಗೆ 7 ಅಥವಾ 10 ಪೌಂಡಿನ ಒತ್ತಡ ತಡೆಯುವ ಮುಚ್ಚಳ ಬರುತ್ತಿತ್ತು. 7 ಪೌಂಡಿನ ಒತ್ತಡದಲ್ಲಿ ಬರಿಯ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 111 ಡಿಗ್ರಿಗೆ, 10 ಪೌಂಡಿನಲ್ಲಿ ಸುಮಾರು 115 ಡಿಗ್ರಿಗೆ ಕುದಿಯುತ್ತದೆ. ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ ಈ ಅಂಕಿಗಳು ಇನ್ನೂ ತುಸು ಕಡಿಮೆ. ಕೈಗೆ ಸಿಕ್ಕ ಹೊಸ ಕಾರಿನ ಮುಚ್ಚಳ ಹಾಕಿದರೆ ಎರಡು ಬಗೆಯ ಅಪಾಯವಿದೆ: ಅದರ ಒತ್ತಡ ಹೆಚ್ಚಿದ್ದರೆ ಹೀಟರಿನ ಹಳೆಯ ಬೆಸುಗೆ ಬಿಡುತ್ತದೆ, ಅದರ ಕತ್ತಿನ ಆಳ ಕಡಿಮೆಯಿದ್ದರೆ ರಬ್ಬರು ಕೆಳಗಿನ ಪೀಠವನ್ನು ಮುಟ್ಟದೆ ಒತ್ತಡವೇ ಏರುವುದಿಲ್ಲ. ಹೊರಗೆ ನೋಡಿದರೆ ಮುಚ್ಚಳ ಬಿಗಿಯಾಗಿಯೇ ಇರುತ್ತದೆ, ಘಾಟಿ ಹತ್ತಿದಾಗ ಮಾತ್ರ ಉಗುಳುತ್ತದೆ.

ಥರ್ಮೋಸ್ಟಾಟ್ ತೆಗೆಯಬೇಡಿ ಎಂದೆನಲ್ಲ. ಅದನ್ನು ತೆಗೆದರೆ ಗಾಳಿ ಸುಲಭವಾಗಿ ಹೊರಬರುತ್ತದೆ, ಮುಳ್ಳು ಕೆಳಗೆ ನಿಲ್ಲುತ್ತದೆ, ರೋಗ ಗುಣವಾದಂತೆ ತೋರುತ್ತದೆ. ಆದರೆ ಅದರ ಕಿರಿದಾದ ದಾರಿ ತಡೆಯೊಡ್ಡುವುದರಿಂದಲೇ ಬ್ಲಾಕು ಮತ್ತು ಹೆಡ್ಡಿನೊಳಗೆ ಪಂಪಿನ ಒತ್ತಡ ನಿಲ್ಲುವುದು, ಆ ಒತ್ತಡವೇ ಹೊಗೆ ವಾಲ್ವುಗಳ ಸುತ್ತ ನೀರು ಕುದಿಯದಂತೆ ಕಾಯುವುದು. ತೆಗೆದ ಎಂಜಿನ್ನು ಸಮರಸ್ತೆಯಲ್ಲಿ ಬೇಕಾದಷ್ಟು ಬಿಸಿಯಾಗದೆ ಆಯಿಲಿನಲ್ಲಿ ಪೆಟ್ರೋಲು ಸೇರಿಸಿಕೊಳ್ಳುತ್ತದೆ, ಏರಿನಲ್ಲಿ ಅಲ್ಲಲ್ಲಿ ಕುದಿಯುತ್ತದೆ. ನಮ್ಮ ಸೆಖೆಗೆ 74 ಡಿಗ್ರಿಯದು ಬೇಕೆನಿಸಿದರೆ ಅದನ್ನು ಹಾಕಿಸಿ. ಜಾಗವನ್ನು ಖಾಲಿ ಬಿಡಬೇಡಿ.

ಮೂರನೆಯ ಬೆಳಗಿನಲ್ಲೂ ಮಟ್ಟ ಇಳಿದಿದ್ದರೆ, ಗುಳುಗುಳು ಮರಳಿದ್ದರೆ, ಮತ್ತೆ ಗಾಳಿ ತೆಗೆಯುವ ಶ್ರಮಪಡದೆ ಅದು ಬರುವ ದಾರಿಯನ್ನು ಹುಡುಕಿ. ಕೆಲವು ವರ್ಷಗಳ ಹಿಂದೆ ಉಡುಪಿಯಲ್ಲಿ ನನ್ನ ಬಳಿಗೆ ಬಂದ ಒಂದು ಹಳೆಯ ಕಾರಿನಿಂದ ಬೇರೊಂದು ಕಡೆ ನಾಲ್ಕು ಸಲ ಗಾಳಿ ತೆಗೆದಿದ್ದರು. ಒಂದು ಹನಿಯೂ ಸೋರುತ್ತಿರಲಿಲ್ಲ. ನಾನೂ ಎರಡು ದಿನ ಹೆಡ್ ಗ್ಯಾಸ್ಕೆಟ್ಟನ್ನೇ ಶಂಕಿಸಿ ಕಳೆದೆ. ಕೊನೆಗೆ ದೋಷ ಸಿಕ್ಕಿದ್ದು ಕೆಳಗಿನ ಹೋಸಿನಲ್ಲಿ: ರೇಡಿಯೇಟರಿನ ಮೂತಿಯ ಮೇಲೆ ತುಕ್ಕಿನ ಗೆರೆಯೊಂದಿದ್ದು ಕ್ಲಿಪ್ ಅಲ್ಲಿ ಸರಿಯಾಗಿ ಕೂತಿರಲಿಲ್ಲ. ಅದು ಪಂಪು ಹೀರುವ ಬದಿ. ವೇಗ ಹೆಚ್ಚಾದಾಗ ಅಲ್ಲಿಂದ ನೀರು ಹೊರಬರುವ ಬದಲು ಗಾಳಿ ಒಳಹೋಗುತ್ತಿತ್ತು, ತೋಟದ ಪಂಪಿನ ಹೀರುಕೊಳವೆಯ ಜೋಡಣೆ ಸಡಿಲಾದಾಗ ಆಗುವಂತೆಯೇ. ನಿಮ್ಮ ರೇಡಿಯೇಟರ್ ಈಚೆಗಷ್ಟೇ ಬಿಚ್ಚಿ ಕೂಡಿಸಿದ್ದಾದ್ದರಿಂದ ನೀವೂ ಮೊದಲು ಅಲ್ಲೇ ನೋಡಿ. ಮೂತಿಯನ್ನು ಉಜ್ಜಿ ನುಣುಪು ಮಾಡಿ, ಹೊಸ ಕ್ಲಿಪ್ ಹಾಕಿ. ಆ ಹೋಸಿನೊಳಗೆ ತಂತಿಯ ಸುರುಳಿ ಇದೆಯೇ ಎಂದೂ ಒತ್ತಿ ನೋಡಿ, ಅದಿಲ್ಲದ ಮೆತ್ತನೆಯ ಹೋಸು ವೇಗದಲ್ಲಿ ಒಳಕ್ಕೆ ಕುಗ್ಗಿ ದಾರಿಯನ್ನೇ ಮುಚ್ಚಬಹುದು.

ಅಲ್ಲಿ ದೋಷವಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ. ತಣ್ಣನೆಯ ಎಂಜಿನ್ನನ್ನು ಮುಚ್ಚಳವಿಲ್ಲದೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ, ನೀರು ಬಿಸಿಯಾಗುವ ಮುಂಚೆಯೇ, ಸಾಲುಸಾಲಾಗಿ ಗುಳ್ಳೆಗಳು ಬರುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಂತೆ ಹೆಚ್ಚುತ್ತಿದ್ದರೆ, ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂಬ ಬಲವಾದ ಸಂಶಯಕ್ಕೆ ಕಾರಣವಿದೆ. ಅದನ್ನು ಖಚಿತಪಡಿಸಲು ಒಂದು ನೀಲಿ ದ್ರವ ಸಿಗುತ್ತದೆ. ರೇಡಿಯೇಟರಿನ ಬಾಯಿಯಲ್ಲಿ ನೀರಿನ ಮೇಲಿರುವ ಗಾಳಿಯನ್ನು ಅದರ ಮೂಲಕ ಹೀರಿದಾಗ ಸುಟ್ಟ ಹೊಗೆಯ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಹಳದಿಯಾಗುತ್ತದೆ. ಹೀರುವಾಗ ರೇಡಿಯೇಟರಿನ ನೀರು ಅದಕ್ಕೆ ಸೇರಬಾರದು, ಸೇರಿದರೆ ಫಲಿತಾಂಶ ಕೆಡುತ್ತದೆ. ಹಳದಿಯಾದರೆ ಕಾರನ್ನು ಓಡಿಸದೆ ನಿಲ್ಲಿಸಿ, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗೆ ಏರುವ ಒತ್ತಡ) ಅಳೆಸಿ ಆ ಅಂಕಿಗಳನ್ನು ನನಗೆ ಬರೆದು ತಿಳಿಸಿ. ಎರಡನೆಯದು ಮತ್ತು ಮೂರನೆಯದು ಎರಡೂ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು. ಆಗ ಹೆಡ್ಡನ್ನು ಬಿಚ್ಚಿಸಿದವರು ಹೊಸ ಗ್ಯಾಸ್ಕೆಟ್ ಕೂರಿಸುವ ಮುನ್ನ ಅದರ ಅಡಿ ಸಮತಟ್ಟಾಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಲೇಬೇಕು.